ಕಚ್ಚಿದ ನಾಯಿ ಯಾರದು? ಮಲೆನಾಡಿನ ನಾಯಿಕಡಿತ ಮತ್ತು ಪರಿಹಾರದ ದಾರಿಗಳು

ಆನೆ ತೋಟಕ್ಕೆ ನುಗ್ಗಿದರೆ ಮುಂದೇನು ಮಾಡಬೇಕು ಎಂದು ಸಕಲೇಶಪುರ, ಆಲೂರು ಕಡೆಯ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುರಿದ ಗಿಡಗಳ ಫೋಟೊ ತೆಗೆಯಬೇಕು, ಅರಣ್ಯ ಇಲಾಖೆಯವರನ್ನು ಕರೆಸಿ ಮಹಜರು ಮಾಡಿಸಬೇಕು, ಪಹಣಿ, ಆಧಾರ್, ಪಾಸ್‌ಬುಕ್ಕಿನ ಜೆರಾಕ್ಸ್ ಕೊಡಬೇಕು. ದುಡ್ಡು ತಡವಾಗಿ ಬರುತ್ತದೆ, ಕಡಿಮೆ ಬರುತ್ತದೆ ಎಂಬ ಗೊಣಗಾಟ ಬೇರೆ ಮಾತು. ದಾರಿ ಮಾತ್ರ ಎಲ್ಲರಿಗೂ ಬಾಯಿಪಾಠ. ವನ್ಯಜೀವಿಯಿಂದ ಪ್ರಾಣ ಹೋದರೆ ರಾಜ್ಯ ಕೊಡುತ್ತಿದ್ದ ಏಳೂವರೆ ಲಕ್ಷ ರೂಪಾಯಿ 15 ಲಕ್ಷಕ್ಕೆ ಏರಿದ ಸುದ್ದಿ ಹೆತ್ತೂರು, ಯಸಳೂರಿನ ಚಹಾ ಅಂಗಡಿಗಳಲ್ಲೂ ಚರ್ಚೆಯಾಗಿತ್ತು. ಅದೇ ಊರಿನ ಹುಡುಗಿಗೆ ಶಾಲೆಯಿಂದ ಬರುವಾಗ ನಾಯಿ ಕಚ್ಚಿದರೆ ಮನೆಯವರು ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಗೆ ಕರೆದೊಯ್ದು ಇಂಜೆಕ್ಷನ್ ಹಾಕಿಸಿಕೊಂಡು ಬರುತ್ತಾರೆ. ಅಲ್ಲಿಗೆ ಮುಗಿಯಿತು. ಪರಿಹಾರ ಎಂಬ ಮಾತು ಆ ಮನೆಯಲ್ಲಿ ಹುಟ್ಟುವುದೇ ಇಲ್ಲ.

ಕಾನೂನು ಇಲ್ಲದ್ದಕ್ಕೆ ಹೀಗಾಗಿದೆ ಎಂದುಕೊಳ್ಳುವವರು ಬಹಳ. ಕಾನೂನು ಇದೆ, ಬೇಕಾದ್ದಕ್ಕಿಂತ ಹೆಚ್ಚೇ ಇದೆ. ಕ್ರಿಮಿನಲ್ ದೂರು, ಸಿವಿಲ್ ದಾವೆ, ಕಾರ್ಮಿಕ ಪರಿಹಾರ, ಗ್ರಾಹಕ ಆಯೋಗ, ಹೈಕೋರ್ಟಿನ ರಿಟ್, ಸರ್ಕಾರದ ನೇರ ಪರಿಹಾರ, ಎಲ್ಲ ಬಾಗಿಲುಗಳೂ ತೆರೆದಿವೆ. ತೊಂದರೆ ಎಂದರೆ ಒಂದೊಂದು ಬಾಗಿಲಲ್ಲೂ ಮೊದಲು ಕೇಳುವುದು ಒಂದೇ ಪ್ರಶ್ನೆ: ನಾಯಿ ಯಾರದು? ಬೆಂಗಳೂರಿನ ಬಡಾವಣೆಯಲ್ಲಿ ಇದಕ್ಕೆ ಉತ್ತರ ಸುಲಭ. ಕತ್ತಿಗೆ ಪಟ್ಟಿ ಇದ್ದರೆ ಸಾಕಿದ್ದು, ಇಲ್ಲದಿದ್ದರೆ ಬೀದಿಯದು. ಈ ಗುಡ್ಡಗಳಲ್ಲಿ ಹಾಗಲ್ಲ.

ಇಲ್ಲಿಯ ನಾಯಿಗಳಲ್ಲಿ ಹೆಚ್ಚಿನವು ಈ ಎರಡು ಗುಂಪಿನಲ್ಲೂ ಪೂರ್ತಿಯಾಗಿ ಸೇರುವುದಿಲ್ಲ. ಎಸ್ಟೇಟಿನ ಬಂಗಲೆಯ ನಾಯಿಗೆ ಧಣಿಗಳಿದ್ದಾರೆ, ಸರಿ. ಆದರೆ ಕಾಫಿ ಕಣದಲ್ಲಿ ಕಾವಲಿಗೆಂದು ಬಿಟ್ಟ ನಾಲ್ಕಾರು ನಾಯಿಗಳನ್ನು ಯಾರೂ ತಂದದ್ದಲ್ಲ. ಅವು ಬಂದವು, ಅನ್ನ ಹಾಕಿದರು, ಉಳಿದವು. ಲೈನ್ ಮನೆಗಳ ಮುಂದಿನ ನಾಯಿಗಳಿಗೆ ಅನ್ನ ಹಾಕುವುದು ಕೂಲಿಯವರು, ಬೊಗಳುವುದರಿಂದ ಲಾಭ ಎಸ್ಟೇಟಿಗೆ. ಚಿರತೆ ಆಗಾಗ ಒಂದೊಂದನ್ನು ಹೊತ್ತೊಯ್ಯುವುದರಿಂದ ಒಂದೇ ನಾಯಿ ನೆಚ್ಚಿ ಯಾರೂ ಕೂರುವುದಿಲ್ಲ. ಮರಿಗಳು ಬೆಳೆಯಲಿ ಎಂದು ಬಿಡುತ್ತಾರೆ. ದೋಣಿಗಾಲ್, ಮಾರನಹಳ್ಳಿ ಕಡೆ ರಾಷ್ಟ್ರೀಯ ಹೆದ್ದಾರಿ 75ರ ಅಂಚಿನಲ್ಲಿ ಹೋಟೆಲಿನ ಎಂಜಲಿಗೆ ಬದುಕುವ ನಾಯಿಗಳು ಬೇರೆಯೇ ಜಾತಿ; ಪೇಟೆಯಿಂದ ಕಾರಿನಲ್ಲಿ ತಂದು ಘಾಟಿಯಲ್ಲಿ ಬಿಟ್ಟುಹೋದವೂ ಅವುಗಳ ಜೊತೆ ಸೇರಿಕೊಳ್ಳುತ್ತವೆ. ಇನ್ನೊಂದು ಸಂಗತಿ ಗಮನಿಸಬೇಕು. ಅರೇಬಿಕಾ ಕೊಯ್ಲು ಶುರುವಾಗಿ ರೊಬಸ್ಟಾ ಮುಗಿಯುವವರೆಗೆ, ಅಂದರೆ ನವೆಂಬರಿನಿಂದ ಮಾರ್ಚ್‌ವರೆಗೆ, ಕಣದಲ್ಲಿ ಕಾಫಿ, ಮೆಣಸು ಒಣಗುತ್ತಿರುವಾಗ ಕಳ್ಳರ ಭಯಕ್ಕೆ ನಾಯಿಗಳನ್ನು ಬಿಡುವುದು ಹೆಚ್ಚು. ಅಸ್ಸಾಂ, ಬಂಗಾಳ, ಜಾರ್ಖಂಡ್ ಕಡೆಯಿಂದ ಆ ನಾಯಿಗಳಿಗೆ ಪರಿಚಯವೇ ಇಲ್ಲದ ಆಳುಗಳು ಬಂದಿಳಿಯುವುದೂ ಅದೇ ತಿಂಗಳುಗಳಲ್ಲಿ.

ಸಾಕಿದವರು ಯಾರೆಂದು ಗೊತ್ತಿರುವ ಪ್ರಕರಣದಿಂದ ಶುರು ಮಾಡೋಣ. 1860ರ ಭಾರತೀಯ ದಂಡ ಸಂಹಿತೆಯ 289ನೇ ಕಲಂ ತನ್ನ ವಶದಲ್ಲಿರುವ ಪ್ರಾಣಿಯ ಬಗ್ಗೆ ಎಚ್ಚರ ತಪ್ಪುವುದನ್ನು ಅಪರಾಧವೆಂದಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಬಂದಿದೆ. ಶಿಕ್ಷೆ ಆರು ತಿಂಗಳವರೆಗಿನ ಸೆರೆ. ಸಾವಿರ ರೂಪಾಯಿ ಇದ್ದ ದಂಡದ ಮಿತಿ ಐದು ಸಾವಿರಕ್ಕೆ ಏರಿದೆ. ಕಲಂ ಬಳಸುವ ಪದ ‘ಮಾಲೀಕ’ ಅಲ್ಲ, ಪ್ರಾಣಿಯನ್ನು ‘ವಶದಲ್ಲಿಟ್ಟುಕೊಂಡವನು’. ತೋಟದ ನಾಯಿಗಳ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ‘ಅದು ನಮ್ಮ ನಾಯಿ ಅಲ್ಲ, ಅನ್ನ ಹಾಕ್ತೀವಿ ಅಷ್ಟೆ’ ಎನ್ನುವವರಿಗೆ, ರಾತ್ರಿ ಬಿಡುವವರು ಯಾರು, ಬೆಳಿಗ್ಗೆ ಕಟ್ಟುವವರು ಯಾರು ಎಂದು ತಿರುಗಿ ಕೇಳಬಹುದು. ಗಾಯ ತೀವ್ರವಾಗಿದ್ದರೆ ನಿರ್ಲಕ್ಷ್ಯದಿಂದ ಪೆಟ್ಟು ಮಾಡಿದ 125ನೇ ಕಲಮೂ ಸೇರುತ್ತದೆ.

ಈ ದಂಡದ ಹಣ ಸರ್ಕಾರಕ್ಕೆ ಹೋಗುತ್ತದೆ, ಕಚ್ಚಿಸಿಕೊಂಡವರ ಕೈಗಲ್ಲ. ಶಿಕ್ಷೆ ವಿಧಿಸುವಾಗ ನೊಂದವರಿಗೆ ಪರಿಹಾರ ಕೊಡಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದ್ದೇ ಇದೆ, ಕೇಳುವವರು ಕಡಿಮೆ. ಹಾಗಿದ್ದರೂ ಎಫ್‌ಐಆರ್ ಮಾಡಿಸಿ ಎನ್ನುವುದು ನನ್ನ ಸಲಹೆ, ಕಾರಣ ಸಿವಿಲ್ ದಾವೆ ಹೂಡಿದಾಗ ಅದೇ ಮೊದಲ ಸಾಕ್ಷಿ.

ಸಿವಿಲ್ ಕೋರ್ಟಿನಲ್ಲಿ ನಮ್ಮ ನ್ಯಾಯಾಲಯಗಳು ಹಳೆಯ ಇಂಗ್ಲಿಷ್ ತತ್ವವನ್ನೇ ಬಹುಕಾಲ ಹಿಡಿದುಕೊಂಡು ಬಂದಿವೆ. ಹುಲಿ, ಕರಡಿ ಸಾಕಿದವನು ಏನೇ ಆದರೂ ಹೊಣೆ. ನಾಯಿ ಸಾಧುಪ್ರಾಣಿ, ಅದು ಕಚ್ಚುವ ಸ್ವಭಾವದ್ದು ಎಂದು ಸಾಕಿದವನಿಗೆ ಗೊತ್ತಿತ್ತು ಎಂದು ತೋರಿಸಿದರೆ ಮಾತ್ರ ಹೊಣೆ. ಇಲ್ಲವೇ ಅವನ ನಿರ್ಲಕ್ಷ್ಯವನ್ನು ಸಾಬೀತು ಮಾಡಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಮೊದಲ ಕಡಿತಕ್ಕೇ ಮಾಲೀಕ ಹೊಣೆ, ನಾಯಿಯ ಪೂರ್ವಚರಿತ್ರೆ ಬೇಕಿಲ್ಲ. ನಮ್ಮಲ್ಲಿ ಹಾಗೆ ನೇರವಾಗಿ ಹೇಳುವ ಶಾಸನ ಇಲ್ಲ. ಆದ್ದರಿಂದ ಈ ನಾಯಿ ಹಿಂದೆ ಯಾರಿಗೆ ಕಚ್ಚಿತ್ತು, ಯಾವ ಲೈನ್‌ಮನ್‌ನನ್ನು ಅಟ್ಟಿಸಿಕೊಂಡು ಹೋಗಿತ್ತು, ಹಾಲಿನ ಹುಡುಗ ಯಾಕೆ ಆ ಗೇಟಿಗೆ ಹೋಗುವುದು ಬಿಟ್ಟ ಎಂಬ ಊರಮಾತೆಲ್ಲ ಕೋರ್ಟಿನಲ್ಲಿ ತೂಕದ ಸಾಕ್ಷ್ಯವಾಗುತ್ತದೆ.

ಗೇಟಿನ ಮೇಲಿನ ‘ನಾಯಿ ಇದೆ ಎಚ್ಚರಿಕೆ’ ಬೋರ್ಡಿನ ಬಗ್ಗೆ ತೋಟದವರಿಗೆ ದೊಡ್ಡ ಭರವಸೆ ಇದೆ, ಅದು ಹಾಕಿದ ಮೇಲೆ ತಮ್ಮ ಹೊಣೆ ತೀರಿತು ಎಂದು. ಬೇಲಿ ಹಾರಿ ಬಂದವನ ವಿರುದ್ಧ ಆ ಬೋರ್ಡು ಉಪಯೋಗಕ್ಕೆ ಬಂದೀತು. ಆದರೆ ಕೆಲಸಕ್ಕೆಂದು ಒಳಗೆ ಬರಲೇಬೇಕಾದ ಆಳು, ಮೀಟರ್ ಓದುವವರು, ಅಂಚೆಯವರು, ಆಶಾ ಕಾರ್ಯಕರ್ತೆ, ಇವರ ಎದುರು ಅದೇ ಬೋರ್ಡು ಮಾಲೀಕನಿಗೆ ತಿರುಗುಬಾಣವಾಗಬಹುದು: ಕಚ್ಚುವ ನಾಯಿ ಎಂದು ನಿಮಗೆ ಗೊತ್ತಿತ್ತಲ್ಲ, ಮತ್ತೇಕೆ ಬಿಟ್ಟಿರಿ? ಇನ್ನು ಆಲೂರಿನ ಕಾಫಿ ಕಣಕ್ಕೆ ಭಾಷೆ ತಿಳಿಯದೆ ಬಂದ ಅಸ್ಸಾಮಿನ ಹೆಂಗಸು ಕನ್ನಡದ ಬೋರ್ಡು ಓದಿ ಎಚ್ಚರಗೊಳ್ಳಬೇಕಿತ್ತು ಎಂದು ವಾದಿಸುವ ವಕೀಲರಿಗೆ ಒಳ್ಳೆಯ ಧೈರ್ಯ ಬೇಕು.

ತೋಟದ ಕೆಲಸಗಾರರಿಗೆ ಇದೆಲ್ಲಕ್ಕಿಂತ ಹತ್ತಿರದ ದಾರಿಯೊಂದಿದೆ, ಮತ್ತು ಅದೇ ಅತಿ ಕಡಿಮೆ ಬಳಕೆಯದು. 1923ರ ಕಾರ್ಮಿಕ ಪರಿಹಾರ ಕಾಯ್ದೆ, 2009ರ ತಿದ್ದುಪಡಿಯಿಂದ ಈಚೆಗೆ ನೌಕರರ ಪರಿಹಾರ ಕಾಯ್ದೆ ಎನಿಸಿಕೊಂಡದ್ದು, ಕೇಳುವುದು ಒಂದನ್ನೇ: ಪೆಟ್ಟಾದದ್ದು ಕೆಲಸದಿಂದ, ಕೆಲಸದ ಅವಧಿಯಲ್ಲಿಯೇ? ಮಾಲೀಕನ ತಪ್ಪು ಇತ್ತೇ, ನಾಯಿಗೆ ಕಚ್ಚುವ ಚಾಳಿ ಇತ್ತೇ ಎಂದು ತೋರಿಸಬೇಕಾಗಿಲ್ಲ. ಕಾಫಿ ತೋಟದ ಕೆಲಸಗಾರರು ಹಿಂದಿನಿಂದಲೂ ಇದರ ವ್ಯಾಪ್ತಿಯಲ್ಲಿದ್ದಾರೆ. ಕೊಯ್ಲಿನ ಹೊತ್ತಿಗೆ ಎಸ್ಟೇಟಿನ ನಾಯಿ ಕಚ್ಚಿ ಮೂರು ದಿನಕ್ಕಿಂತ ಹೆಚ್ಚು ಕೆಲಸ ಮಾಡಲಾಗದಿದ್ದರೆ ಪರಿಹಾರದ ಹಕ್ಕು ಹುಟ್ಟುತ್ತದೆ. ಚಿಕಿತ್ಸೆಗೆ ತಗುಲಿದ ನಿಜವಾದ ಖರ್ಚನ್ನು ಮಾಲೀಕರು ಮರಳಿ ಕೊಡಬೇಕು ಎಂಬುದು 2009ರ ತಿದ್ದುಪಡಿ ಸೇರಿಸಿದ ಅಂಶ. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು ಈ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿದೆ. ಮೂಲತತ್ವ ಹಾಗೇ ಇದೆ, ಜೊತೆಗೆ ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವೂ ಕೆಲಸಕ್ಕೆ ಸಂಬಂಧಿಸಿದ್ದರೆ ಲೆಕ್ಕಕ್ಕೆ ಬರುತ್ತದೆ. ಬಳಸುವವರು ಯಾಕಿಲ್ಲ ಎಂಬುದಕ್ಕೆ ಉತ್ತರ ಕಾಯ್ದೆಯ ಪುಸ್ತಕದಲ್ಲಿಲ್ಲ. ಕೆಲಸಗಾರರು ಇರುವುದು ಸಾಹುಕಾರರ ಲೈನಿನಲ್ಲಿ, ಮಗನ ಸ್ಕೂಲ್ ಫೀಸಿಗೆ ಮುಂಗಡ ತೆಗೆದುಕೊಂಡಾಗಿದೆ, ಮುಂದಿನ ವರ್ಷವೂ ಅಲ್ಲೇ ಕೆಲಸ ಬೇಕು. ಮೇಸ್ತ್ರಿಯ ಮೂಲಕ ಬಂದವರ ಹೆಸರು ರೈಟರ ಹಾಜರಿ ಪುಸ್ತಕದಲ್ಲೇ ಇರುವುದಿಲ್ಲ. ಕೆಲಸಕ್ಕಿದ್ದೆ ಎನ್ನುವುದನ್ನೇ ತೋರಿಸಲಾಗದವರು ಕೆಲಸದಲ್ಲಿ ಪೆಟ್ಟಾಯಿತು ಎಂದು ಹೇಗೆ ತೋರಿಸಿಯಾರು?

ಅದೇ ಎಸ್ಟೇಟಿನ ಹೋಂಸ್ಟೇಗೆ ವಾರಾಂತ್ಯಕ್ಕೆ ಬಂದ ಬೆಂಗಳೂರಿನ ಅತಿಥಿಗೆ ಅದೇ ನಾಯಿ ಕಚ್ಚಿತೆನ್ನಿ. ಆತ ಹಣ ಕೊಟ್ಟು ಸೇವೆ ಪಡೆದ ಗ್ರಾಹಕ. ಸೇವೆಯಲ್ಲಿ ಲೋಪ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ದೂರು ಕೊಡಬಹುದು, ಅದೂ ಹಾಸನಕ್ಕೆ ಬರದೆ ತನ್ನೂರಿನ ಜಿಲ್ಲಾ ಆಯೋಗದಲ್ಲೇ. ಪಾವತಿಸಿದ ಬಾಡಿಗೆ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಒಂದೇ ನಾಯಿ, ಒಂದೇ ಅಂಗಳ; ಎರಡು ದಿನಕ್ಕೆ ಬಂದವರಿಗೆ ಇರುವ ಸಲೀಸು ಇಪ್ಪತ್ತು ವರ್ಷದಿಂದ ಅಲ್ಲೇ ದುಡಿಯುವವರಿಗೆ ಇಲ್ಲ.

ಇನ್ನು ಯಾರದೂ ಅಲ್ಲದ ನಾಯಿ. ಚರ್ಚೆಯೆಲ್ಲ ಈಗ ಇದರ ಸುತ್ತಲೇ. ದೇಶದಲ್ಲಿ ಹಲವು ಬಗೆಯ ಪ್ರಯೋಗ ನಡೆದಿದೆ. ಕೇರಳದಲ್ಲಿ ನಾಯಿ ಕಚ್ಚಿಸಿಕೊಂಡವರ ಅರ್ಜಿ ಪರಿಶೀಲಿಸಲು 2016ರಲ್ಲಿ ಸುಪ್ರೀಂ ಕೋರ್ಟು ನಿವೃತ್ತ ನ್ಯಾಯಮೂರ್ತಿ ಸಿರಿಜಗನ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಅರ್ಜಿಗಳು ರಾಶಿ ಬಿದ್ದವು, ಇತ್ಯರ್ಥವಾದದ್ದು ಅದರಲ್ಲೊಂದು ಪಾಲು. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು 2023ರಲ್ಲಿ 193 ಅರ್ಜಿಗಳನ್ನು ಒಟ್ಟಿಗೆ ತೀರ್ಮಾನಿಸುವಾಗ ಲೆಕ್ಕವನ್ನೇ ಹಾಕಿಕೊಟ್ಟಿತು: ಒಂದೊಂದು ಹಲ್ಲಿನ ಗುರುತಿಗೆ ಕನಿಷ್ಠ 10,000 ರೂಪಾಯಿ, ಮಾಂಸ ಕಿತ್ತುಬಂದಿದ್ದರೆ ಪ್ರತಿ 0.2 ಸೆಂಟಿಮೀಟರ್ ಗಾಯಕ್ಕೆ ಕನಿಷ್ಠ 20,000. ಮೊದಲು ಸರ್ಕಾರ ಕೊಡಬೇಕು, ಆಮೇಲೆ ಬೇಕಾದರೆ ತಪ್ಪಿತಸ್ಥ ಸಂಸ್ಥೆಯಿಂದಲೋ ವ್ಯಕ್ತಿಯಿಂದಲೋ ವಸೂಲಿ ಮಾಡಿಕೊಳ್ಳಲಿ ಎಂಬುದು ಆ ತೀರ್ಪಿನ ಜಾಣತನ. ‘ನಾಯಿ ಯಾರದು’ ಎಂಬ ಪ್ರಶ್ನೆಯನ್ನು ಕಚ್ಚಿಸಿಕೊಂಡವನ ತಲೆಯಿಂದ ಇಳಿಸಿ ಸರ್ಕಾರದ ತಲೆಗೆ ಏರಿಸಿದ್ದು ಅದೊಂದೇ.

ಕರ್ನಾಟಕದ್ದು ಇದಕ್ಕೆ ಹೋಲಿಸಿದರೆ ಬಡಪಾಯಿ ಲೆಕ್ಕ. 2025ರ ನವೆಂಬರಿನಲ್ಲಿ ಪ್ರಕಟವಾದಂತೆ ಬೀದಿನಾಯಿ ಕಡಿತದಿಂದಲೋ ರೇಬೀಸ್‌ನಿಂದಲೋ ಸಾವಾದರೆ ಕುಟುಂಬಕ್ಕೆ ಐದು ಲಕ್ಷ ರೂಪಾಯಿ. ಚರ್ಮ ತೂತಾದ, ಸೀಳಿದ, ಹಲವು ಕಡೆ ಕಚ್ಚಿದ ಗಾಯಕ್ಕೆ ಐದು ಸಾವಿರ. ಆ ಐದು ಸಾವಿರದಲ್ಲಿ 3,500 ಗಾಯಗೊಂಡವರ ಕೈಗೆ, ಉಳಿದ 1,500 ಚಿಕಿತ್ಸೆಯ ಬಾಬ್ತು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ. ಕಾಲಿನ ಮೀನಖಂಡದಲ್ಲಿ ನಾಲ್ಕು ಹಲ್ಲು ಊರಿದರೆ ಆ ಹೈಕೋರ್ಟಿನ ಲೆಕ್ಕದಲ್ಲಿ 40,000 ಆಗುವ ಗಾಯ ಇಲ್ಲಿ 3,500. ಅದೂ ನಗರಗಳ ಗದ್ದಲದಿಂದ ಹುಟ್ಟಿದ ವ್ಯವಸ್ಥೆ. ಸಕಲೇಶಪುರ ಪುರಸಭೆ, ಆಲೂರು ಪಟ್ಟಣ ಪಂಚಾಯಿತಿಯ ಮುಂದೆ ಅರ್ಜಿ ಹಿಡಿದು ನಿಲ್ಲುವುದು ಸುಲಭ. ಹಾನುಬಾಳು, ಕೆಂಚಮ್ಮನ ಹೊಸಕೋಟೆ, ಪಾಳ್ಯದಲ್ಲಿ ಕಚ್ಚಿಸಿಕೊಂಡವರು ಗ್ರಾಮ ಪಂಚಾಯಿತಿಯ ಪಿಡಿಒ ಮುಂದೆ ನಿಂತರೆ ‘ನಮಗೆ ಅಂಥ ಆದೇಶ ಬಂದಿಲ್ಲ’ ಎಂಬ ಉತ್ತರಕ್ಕೆ ತಯಾರಾಗಿರಬೇಕು.

ಆ ಉತ್ತರಕ್ಕೆ ಮರುತ್ತರವನ್ನು ನಮ್ಮದೇ ಹೈಕೋರ್ಟು ಕೊಟ್ಟಿದೆ. ಬೆಳಗಾವಿ ತಾಲ್ಲೂಕಿನ ಬಾಳೇಕುಂದ್ರಿಯಲ್ಲಿ ಎರಡು ವರ್ಷದ ಮಗುವೊಂದನ್ನು ಬೀದಿನಾಯಿಗಳು ಕಚ್ಚಿ ಕೊಂದ ಪ್ರಕರಣದಲ್ಲಿ ತಂದೆಗೆ ಸಿಕ್ಕಿದ್ದು ಐವತ್ತು ಸಾವಿರ. ಅವರು ಧಾರವಾಡ ಪೀಠಕ್ಕೆ ಹೋದರು. ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಹತ್ತು ಲಕ್ಷ ರೂಪಾಯಿ ಪರಿಹಾರ ಕೊಡಿಸಿದರು. ಹಳ್ಳಿಯ ನಾಯಿಗಳ ನಿಯಂತ್ರಣ ಸ್ಥಳೀಯ ಸಂಸ್ಥೆಯ ಕರ್ತವ್ಯ, ಅದನ್ನು ಮಾಡದೆ ಜೀವ ಹೋದರೆ ಹೊಣೆ ಅದಕ್ಕೇ ಎಂಬುದು ಆ ತೀರ್ಪಿನ ನೆಲೆ. ಸಕಲೇಶಪುರದ ಗುಡ್ಡದ ಹಳ್ಳಿಗಳಿಗೆ ದೆಹಲಿಯ ಆದೇಶಗಳಿಗಿಂತ ಹೆಚ್ಚು ಕೆಲಸಕ್ಕೆ ಬರುವುದು ಈ ತೀರ್ಪು ಎಂದು ನಾನು ತಿಳಿದಿದ್ದೇನೆ. ಪಂಚಾಯಿತಿ ಏನು ಮಾಡಬೇಕಿತ್ತು ಎಂಬುದಕ್ಕೆ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಿವೆ: ಹಿಡಿಯಬೇಕು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕು, ರೇಬೀಸ್ ಲಸಿಕೆ ಹಾಕಿಸಬೇಕು. ನಾಯಿ ಕೊಲ್ಲಲು ಬಿಡುವುದಿಲ್ಲ ಎಂದು ಪ್ರಾಣಿಪ್ರಿಯರನ್ನು ಬೈಯುತ್ತ ಕೂರುವ ಪಂಚಾಯಿತಿ ಸದಸ್ಯರು, ಮಾಡಬಹುದಾದದ್ದರಲ್ಲಿ ಎಷ್ಟು ಮಾಡಿದ್ದೇವೆ ಎಂಬ ಲೆಕ್ಕ ಕೋರ್ಟಿಗೆ ಕೊಡಬೇಕಾಗುತ್ತದೆ.

ದೆಹಲಿಯದನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ದೆಹಲಿಯ ಬೀದಿನಾಯಿಗಳನ್ನೆಲ್ಲ ಆಶ್ರಯತಾಣಕ್ಕೆ ಸಾಗಿಸಿ ಎಂದಿತು. 22ರಂದು ಮೂವರ ಪೀಠ ಅದನ್ನು ತಿದ್ದಿ, ವಿಷಯವನ್ನು ಎಲ್ಲ ರಾಜ್ಯಗಳಿಗೆ ವಿಸ್ತರಿಸಿತು. ನವೆಂಬರ್ 7ರ ಆದೇಶ ನಮಗೆ ಮುಖ್ಯ: ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆಗೆಯಬೇಕು, ಮತ್ತೆ ಅಲ್ಲಿಗೇ ಬಿಡಬಾರದು. ಹಾಗಾಗಿ ಸಕಲೇಶಪುರದ ಬಸ್ ನಿಲ್ದಾಣದೊಳಗೆ ಕಚ್ಚಿದ ನಾಯಿಗೂ ಹೊರಗಿನ ರಸ್ತೆಯಲ್ಲಿ ಕಚ್ಚಿದ ನಾಯಿಗೂ ಈಗ ಕಾನೂನಿನಲ್ಲಿ ವ್ಯತ್ಯಾಸವಿದೆ. ಒಳಗಿನದಕ್ಕೆ ಹೊಣೆಗಾರರನ್ನು ಹುಡುಕಬೇಕಿಲ್ಲ. 2026ರ ಜನವರಿಯ ವಿಚಾರಣೆಯಲ್ಲಿ ಪೀಠವು, ಪ್ರತಿ ಕಡಿತಕ್ಕೂ ರಾಜ್ಯಗಳಿಂದ ಭಾರೀ ಪರಿಹಾರ ಕೊಡಿಸಬೇಕಾದೀತು, ಅನ್ನ ಹಾಕುವವರೂ ಹೊಣೆ ಹೊರಬೇಕಾದೀತು ಎಂದು ಮೌಖಿಕವಾಗಿ ಹೇಳಿತು. ಮೌಖಿಕ ಮಾತು ಆದೇಶವಲ್ಲ, ಆದರೆ ಲೈನ್ ಮನೆಯ ನಾಯಿಗೆ ಗಂಜಿ ಹಾಕುವ ಕೂಲಿ ಹೆಂಗಸನ್ನೂ ಈ ‘ಅನ್ನ ಹಾಕುವವರ’ ಸಾಲಿಗೆ ಸೇರಿಸಿಬಿಟ್ಟರೆ ಗತಿಯೇನು ಎಂಬ ಆತಂಕ ನನಗಿದೆ. ಆ ನಾಯಿಯಿಂದ ಕಾವಲು ಪಡೆದವರು ಬೇರೆ.

ದಾರಿಗಳೇನೋ ಇಷ್ಟಿವೆ. ಎಲ್ಲದಕ್ಕೂ ಬೇಕಾದ ಕಾಗದ ಮಾತ್ರ ಮೊದಲ ಎರಡು ವಾರದಲ್ಲೇ ಹುಟ್ಟಬೇಕು. ಆನೆಯ ಪ್ರಕರಣದಲ್ಲಿ ಮಹಜರು ಬರೆಯಲು ಇಲಾಖೆಯೊಂದಿದೆ; ನಾಯಿಯ ಪ್ರಕರಣದಲ್ಲಿ ಮಹಜರನ್ನು ಕಚ್ಚಿಸಿಕೊಂಡವರೇ ಕೂಡಿಸಿಕೊಳ್ಳಬೇಕು. ಮೊದಲು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯುವುದು, ಆಮೇಲೆ ಆಸ್ಪತ್ರೆ. ಇದರಲ್ಲಿ ಫೋಟೊಗೆಂದೂ ತಡ ಮಾಡಬಾರದು. ಡ್ರೆಸಿಂಗ್ ಮಾಡುವ ಮುಂಚೆ ಜೊತೆಗಿದ್ದವರು ಗಾಯದ ಚಿತ್ರ ತೆಗೆಯಬಹುದು, ಪಕ್ಕದಲ್ಲೊಂದು ಅಳತೆ ಪಟ್ಟಿ ಇಟ್ಟರೆ ಇನ್ನೂ ಒಳ್ಳೆಯದು. ಒಪಿಡಿ ಚೀಟಿಯಲ್ಲಿ ‘ನಾಯಿ ಕಡಿತ’ ಎಂದಷ್ಟೇ ಬರೆಸಿಕೊಂಡು ಬಂದರೆ ಸಾಲದು. ಎಲ್ಲಿ ಕಚ್ಚಿತು, ಸಾಕಿದ್ದೋ ಬೀದಿಯದೋ, ಗಾಯ ಯಾವ ದರ್ಜೆಯದು ಎಂದು ಬರೆಯುವಂತೆ ವೈದ್ಯರನ್ನು ಕೇಳಬೇಕು. ರಕ್ತ ಬಂದ ಗಾಯ ಮೂರನೇ ದರ್ಜೆ, ಅದಕ್ಕೆ ಲಸಿಕೆಯ ಜೊತೆ ಇಮ್ಯುನೋಗ್ಲಾಬ್ಯುಲಿನ್ ಕೂಡ ಬೇಕು. ಲಸಿಕೆಯ ಕಾರ್ಡಿನಲ್ಲಿ ತಾರೀಖುಗಳು ಸ್ಪಷ್ಟವಾಗಿರಲಿ: ಚರ್ಮದೊಳಗೆ ಕೊಡುವ ಕ್ರಮವಾದರೆ ಮೊದಲ ದಿನ, 3, 7 ಮತ್ತು 28ನೇ ದಿನ. ನಾಯಿಯನ್ನು ಸಿಟ್ಟಿನಲ್ಲಿ ಹೊಡೆದು ಕೊಂದರೆ ಅದು ಬೇರೆಯೇ ಅಪರಾಧ, ಹತ್ತು ದಿನ ಅದರ ಆರೋಗ್ಯ ನೋಡುವ ಅವಕಾಶವೂ ಹೋಯಿತು, ಯಾರ ನಾಯಿ ಎಂದು ತೋರಿಸುವ ಸಾಕ್ಷಿಯೂ ಹೋಯಿತು.

ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಕನಿಷ್ಠ ಹಿಂಬರಹ ಕೇಳಿ. ಪಂಚಾಯಿತಿಗೆ ಕೊಟ್ಟ ಅರ್ಜಿಗೆ ಸೀಲು, ಸಹಿ ಹಾಕಿದ ಸ್ವೀಕೃತಿ ಪ್ರತಿ ಇಟ್ಟುಕೊಳ್ಳಿ. ಕಚ್ಚುವ ಮುಂಚೆಯೇ ಊರವರು ಪಂಚಾಯಿತಿಗೆ ನಾಯಿಗಳ ಬಗ್ಗೆ ದೂರು ಕೊಟ್ಟಿದ್ದರೆ ಅದರಂಥ ಸಾಕ್ಷಿ ಇನ್ನೊಂದಿಲ್ಲ. ಗೊತ್ತಿದ್ದೂ ಸುಮ್ಮನಿದ್ದರು ಎನ್ನಲು ಅದು ಸಾಕು.

ನಡುವೆ ರಾಜಿಯ ಮಾತು ಬಂದೇ ಬರುತ್ತದೆ. ಒಂದೇ ಊರಿನವರು, ನಾಳೆ ಮುಖ ನೋಡಬೇಕಾದವರು. ಇಂಜೆಕ್ಷನ್ನಿನ ಖರ್ಚು, ಮೇಲೆ ಒಂದೆರಡು ಸಾವಿರ ಕೊಟ್ಟು ಮುಗಿಸಿಕೊಳ್ಳುತ್ತಾರೆ. ರಾಜಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಸಕಲೇಶಪುರದ ಕೋರ್ಟಿನಲ್ಲಿ ವರ್ಷಗಟ್ಟಲೆ ವಾಯಿದೆ ತಿರುಗುವುದಕ್ಕಿಂತ ಎಷ್ಟೋ ಸಲ ಅದೇ ಮೇಲು. ಆದರೆ ‘ಇನ್ನು ಮುಂದೆ ಯಾವ ತಕರಾರೂ ಇಲ್ಲ’ ಎಂಬ ಚೀಟಿಗೆ ಮೂರನೇ ದಿನವೇ ಸಹಿ ಹಾಕಬಾರದು. ಗಾಯ ಕೀವಾಗುವುದು, ನರಕ್ಕೆ ಪೆಟ್ಟಾದದ್ದು ತಿಳಿಯುವುದು, ಮುಖದ ಕಲೆ ಉಳಿಯುವುದು ಆಮೇಲೆ.

ಎಷ್ಟು ಕೇಳಬೇಕು ಎಂಬ ಲೆಕ್ಕದಲ್ಲಿ ಬಹುಪಾಲು ಅರ್ಜಿಗಳು ಔಷಧಿ ಬಿಲ್ಲಿಗೇ ನಿಂತುಬಿಡುತ್ತವೆ. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತವಾದ್ದರಿಂದ ಬಿಲ್ಲೇ ಇಲ್ಲ, ಹಾಗಾಗಿ ನಷ್ಟವೂ ಇಲ್ಲ ಎಂಬಂತಾಗುತ್ತದೆ. ಹೆತ್ತೂರು ಹೋಬಳಿಯ ಒಳಗಿನ ಹಳ್ಳಿಯಿಂದ ನಾಲ್ಕು ಡೋಸಿಗೆ ನಾಲ್ಕು ಸಲ ಪೇಟೆಗೆ ಹೋಗಿಬರುವುದೆಂದರೆ ನಾಲ್ಕು ದಿನದ ಕೂಲಿ, ಮಗುವಾದರೆ ಜೊತೆಗೆ ಹೋದವರ ಕೂಲಿ, ಬಸ್ಸು ತಪ್ಪಿದರೆ ಜೀಪಿನ ಬಾಡಿಗೆ. ಕೊಯ್ಲಿನ ಕಾಲದಲ್ಲಿ ಕೆಜಿ ಲೆಕ್ಕದಲ್ಲಿ ದುಡಿಯುವವರಿಗೆ ಕೈಬೆರಳಿನ ಗಾಯ ಎಂದರೆ ಇಡೀ ಹಂಗಾಮಿನ ಸಂಪಾದನೆ. ಮೋಟಾರು ಅಪಘಾತದ ಪ್ರಕರಣಗಳಲ್ಲಿ ನೋವು, ಕಲೆ, ಆದಾಯ ನಷ್ಟ, ಆರೈಕೆ ಎಂದು ಬಾಬ್ತುಗಳನ್ನು ಬಿಡಿಸಿ ಲೆಕ್ಕ ಹಾಕುತ್ತಾರಲ್ಲ, ನಾಯಿಕಡಿತದ ದಾವೆಯಲ್ಲೂ ಹಾಗೇ ಕೇಳಬಹುದು. ಕೇಳದ ಬಾಬ್ತನ್ನು ಯಾವ ಕೋರ್ಟೂ ತಾನಾಗಿ ಸೇರಿಸುವುದಿಲ್ಲ.

ವಕೀಲರ ಫೀಸಿಗೆ ಹೆದರಿ ಸುಮ್ಮನಾಗುವವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಇದೆ: ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಪಡೆಯಬಹುದು. ನ್ಯಾಯಾಲಯದ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋದರಾಯಿತು, 15100ಕ್ಕೆ ಫೋನ್ ಮಾಡಿದರೂ ಆಯಿತು. ಸರ್ಕಾರದ ವಿರುದ್ಧ ದಾವೆ ಹೂಡುವ ಮುಂಚೆ ಎರಡು ತಿಂಗಳ ನೋಟಿಸು ಕೊಡಬೇಕೆಂಬುದನ್ನು ವಕೀಲರು ನೋಡಿಕೊಳ್ಳುತ್ತಾರೆ.

ಸಮಯದ ಮಿತಿಯ ಬಗ್ಗೆ ಒಂದು ಮಾತು. ಗಾಯಕ್ಕೆ ಪರಿಹಾರ ಕೋರುವ ಸಾಮಾನ್ಯ ದಾವೆಗೆ ಮೂರು ವರ್ಷ ಅವಧಿ. ಸತ್ತವರ ಕುಟುಂಬ ಕೇಳುವುದಾದರೆ ಎರಡೇ ವರ್ಷ. ಮಕ್ಕಳಿಗೆ ಹಾಗಲ್ಲ. 1963ರ ಕಾಲಮಿತಿ ಕಾಯ್ದೆ ಅಪ್ರಾಪ್ತರಿಗೆ ಹದಿನೆಂಟು ತುಂಬಿದ ಮೇಲೆ ಗಡಿಯಾರ ಶುರು ಮಾಡುತ್ತದೆ. ಈ ವರ್ಷ ಕೊಯ್ಲಿನಲ್ಲಿ ಕಣದ ನಾಯಿ ಎಂಟು ವರ್ಷದ ಹುಡುಗಿಯ ಕೆನ್ನೆ ಹರಿದಿದ್ದರೆ, ಅಪ್ಪ ಅಮ್ಮ ಸಾಹುಕಾರರಿಗೆ ಹೆದರಿ ಸುಮ್ಮನಿದ್ದರೂ, ಆಕೆ ಇಪ್ಪತ್ತೊಂದು ತುಂಬುವವರೆಗೆ ತನ್ನ ಹೆಸರಿನಲ್ಲೇ ದಾವೆ ಹೂಡಬಹುದು. ಅದಕ್ಕೆ ಒಪಿಡಿ ಚೀಟಿ, ಲಸಿಕೆಯ ಕಾರ್ಡು, ಗಾಯದ ಎರಡು ಫೋಟೊ, ಪಂಚಾಯಿತಿಯ ಸ್ವೀಕೃತಿ, ಇಷ್ಟು ಆಕೆಯ ಶಾಲೆಯ ದಾಖಲೆಗಳ ಜೊತೆ ಇರಬೇಕು.